ಮಾರುವ ಮನೆಯ ಮೇಲೆ ಡಿಕ್ರಿ

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯನ ಮನೆಗೆ ಬರುವವರೆಲ್ಲರೂ ಮಕ್ಕಳ ವಿದ್ಯಾಭ್ಯಾಸದ ಸಲುವಾಗಿಯೇ ಬರುತ್ತಾರೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಕಾಸರಗೋಡಿನ ಕಡೆಯಲ್ಲಂತೂ ಕನ್ನಡ ಶಾಲೆಯ ಮಾಷ್ಟ್ರ ಜಗಲಿಗೆ ಮಕ್ಕಳಿಗಿಂತ ಹೆಚ್ಚಾಗಿ ಬರುವುದು ಕಾಗದಪತ್ರಗಳು. ಮಲಯಾಳದಲ್ಲಿ ಬರೆದ ನೋಟೀಸು, ಇಂಗ್ಲಿಷಿನಲ್ಲಿ ಬಂದ ಬ್ಯಾಂಕಿನ ಪತ್ರ, ಮದರಾಸು ಪ್ರಾಂತದ ಕಾಲದಲ್ಲಿ ಅಜ್ಜಂದಿರು ಕನ್ನಡದಲ್ಲಿ ಬರೆಸಿದ ದಸ್ತಾವೇಜು, ಎಲ್ಲವೂ ನಮ್ಮ ಕನ್ನಡಕದ ಕೆಳಗೆ ಹಾದುಹೋಗತಕ್ಕವೇ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿತು. ಮನೆಯ ಮಾತು ಹಾಗೆಯೇ ಉಳಿಯಿತು, ಕಚೇರಿಯ ಮಾತು ಬದಲಾಯಿತು. ಎರಡರ ನಡುವೆ ಓದಿ ಹೇಳುವವನೊಬ್ಬ ಬೇಕಾಗುತ್ತಾನೆ. ನಾವು ವಕೀಲರಲ್ಲ. ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದು ಪಾಠಟಿಪ್ಪಣಿ ಬರೆಯುವುದನ್ನೇ ಹೊರತು ವ್ಯಾಜ್ಯದ ಕಾಗದ ಓದುವುದನ್ನಲ್ಲ. ಆದರೂ ಮೂವತ್ತು ವರ್ಷ ಇಂಥ ಕಾಗದಗಳನ್ನು ಹಿಡಿದುಕೊಂಡು ಬಲ್ಲ ವಕೀಲರ ಬಳಿಗೆ ಅಲೆದದ್ದರಿಂದ ಅಷ್ಟಿಷ್ಟು ತಿಳಿವಳಿಕೆ ಬಂದಿದೆ. ಈ ತಿಂಗಳು ಅದರಲ್ಲಿ ಒಂದು ವಿಷಯವನ್ನು ಓದುಗ ಬಂಧುಗಳ ಮುಂದೆ ಇಡುತ್ತೇವೆ. ಅದಕ್ಕೆ ಕಾರಣವಾದ ಪ್ರಸಂಗದಲ್ಲಿ ನಮ್ಮ ಪಾಲೂ ಒಂದಿಷ್ಟು ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮಳೆಗಾಲ ಮುಗಿಯುತ್ತ ಬಂದ ಒಂದು ಸಂಜೆ ಇಬ್ಬರು ಒಟ್ಟಿಗೆ ಬಂದರು. ಒಬ್ಬರು ನಮ್ಮ ಶಾಲೆಯಲ್ಲಿಯೇ ಇಪ್ಪತ್ತೆರಡು ವರ್ಷ ದುಡಿದು ಐದು ವರ್ಷಗಳ ಹಿಂದೆ ನಿವೃತ್ತರಾದ ಹಿರಿಯ ಸಹೋದ್ಯೋಗಿ. ಇನ್ನೊಬ್ಬ ನಮ್ಮಿಬ್ಬರಿಗೂ ಶಿಷ್ಯನೇ. ಗಲ್ಫಿನಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದವನು. ಹಿರಿಯರ ಪತ್ನಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಮಂಗಳೂರಿಗೆ ಹೋಗಿಬರುವುದು ಸಾಧ್ಯವಾಗದೆ ಅವರು ಮಗನ ಬಾಡಿಗೆ ಮನೆಯಲ್ಲಿಯೇ ತಂಗಿದ್ದರು. ಊರಿನಲ್ಲಿರುವ ಹೆಂಚಿನ ಮನೆಯನ್ನೂ ಅದರ ಸುತ್ತಲಿನ 28 ಸೆಂಟ್ಸು ಜಾಗವನ್ನೂ ಮಾರಿ, ಚಿಕಿತ್ಸೆಯ ವೆಚ್ಚಕ್ಕೂ ಮಂಗಳೂರಿನಲ್ಲಿ ಒಂದು ಚಿಕ್ಕ ಮನೆಗೂ ದಾರಿ ಮಾಡಿಕೊಳ್ಳಬೇಕೆಂಬುದು ಅವರ ಯೋಚನೆ. ಶಿಷ್ಯ ಕೊಳ್ಳಲು ಒಪ್ಪಿ ಎರಡು ಲಕ್ಷ ರೂಪಾಯಿ ಮುಂಗಡವನ್ನೂ ಕೊಟ್ಟಿದ್ದನು. ಕರಾರು ಮುದ್ರಾಂಕದ ಕಾಗದದಲ್ಲಿ ಆಗಿತ್ತು, ನೋಂದಣಿ ಆಗಿರಲಿಲ್ಲ.

“ಮಾಷ್ಟ್ರೆ, ವಕೀಲರು ಹುಡುಕಿ ನೋಡುವಾಗ ಇವರ ಹೆಸರಿನಲ್ಲಿ ಒಂದು ಡಿಕ್ರಿ ಸಿಕ್ಕಿತು. ಡಿಕ್ರಿ ಇರುವವರ ಮನೆಯನ್ನು ಕೊಳ್ಳಬಹುದೋ, ಕೊಳ್ಳಬಾರದೋ?” ಎಂದು ಶಿಷ್ಯ ಕೇಳಿದನು. ಹಿರಿಯರು ತಲೆ ತಗ್ಗಿಸಿ ಕುಳಿತಿದ್ದರು. ನಮ್ಮ ಮನೆಯಾಕೆ ತಂದಿಟ್ಟ ಚಹಾವನ್ನು ಮುಟ್ಟಲೇ ಇಲ್ಲ.

ಸಂಗತಿ ಇಷ್ಟೆ. ಒಂಬತ್ತು ವರ್ಷಗಳ ಹಿಂದೆ ಅವರ ತಂಗಿಯ ಮಗ ವ್ಯಾಪಾರಕ್ಕಾಗಿ ಒಂದು ಬ್ಯಾಂಕಿನಲ್ಲಿ ಸಾಲ ಮಾಡಿದನು. ಸಂಬಳವಿರುವವರೊಬ್ಬರ ಜಾಮೀನು ಬೇಕಾಯಿತು. ನಮ್ಮ ಕಡೆಯಲ್ಲಿ ಸಾಲಕ್ಕೆ ಅಧ್ಯಾಪಕರ ವೇತನ ಸರ್ಟಿಫಿಕೇಟೆಂದರೆ ಬಂಗಾರದ ಬೆಲೆ ಎಂಬುದನ್ನು ಓದುಗರು ಬಲ್ಲರು. ಮಾವನು ಸಹಿ ಹಾಕಿದನು. ಆ ವೇತನ ಸರ್ಟಿಫಿಕೇಟಿಗೆ ಮುಖ್ಯೋಪಾಧ್ಯಾಯರೆಂದು ಸಹಿ ಹಾಕಿ ಶಾಲೆಯ ಮೊಹರು ಒತ್ತಿದವರು ನಾವೇ. ಅಂದು ಹತ್ತು ನಿಮಿಷ ಕುಳ್ಳಿರಿಸಿ, “ಏನು, ಯೋಚಿಸಿದ್ದೀರಾ?” ಎಂದು ಕೇಳಬಹುದಿತ್ತು. ಮಧ್ಯಾಹ್ನದ ಊಟದ ಲೆಕ್ಕ ಬರೆಯುವ ಗಡಿಬಿಡಿಯಲ್ಲಿದ್ದ ನಾವು ಕೇಳಲಿಲ್ಲ.

ಎರಡು ವರ್ಷದಲ್ಲಿ ವ್ಯಾಪಾರ ಮುಳುಗಿತು. ಬ್ಯಾಂಕು ದಾವೆ ಹೂಡಿತು. ಕೋರ್ಟಿನಿಂದ ಬಂದ ಸಮನ್ಸು ಮಲಯಾಳದಲ್ಲಿತ್ತು. ಹಿರಿಯರು ಸಹಿ ಮಾಡಿ ತೆಗೆದುಕೊಂಡು, ಅಳಿಯನಿಗೆ ಹೇಳಿ, ಅವನು “ನಾನು ನೋಡಿಕೊಳ್ಳುತ್ತೇನೆ ಮಾವ” ಎಂದದ್ದನ್ನು ನಂಬಿ, ಅದನ್ನು ಪಂಚಾಂಗದ ಪುಟಗಳ ನಡುವೆ ಇಟ್ಟು ಮರೆತರು. ಇಬ್ಬರೂ ಹಾಜರಾಗದೆ ಏಕಪಕ್ಷೀಯವಾಗಿ ತೀರ್ಪಾಯಿತು. ಜಾಮೀನುದಾರನೆಂದರೆ ಸಾಲಗಾರನ ಹಿಂದೆ ನಿಲ್ಲುವವನೆಂದು ನಮ್ಮವರು ತಿಳಿಯುತ್ತಾರೆ. 1872ರ ಕರಾರು ಕಾಯಿದೆ ಹಾಗೆ ಹೇಳುವುದಿಲ್ಲ. ಬೇರೆ ಮಾತು ಬರೆದಿಲ್ಲವಾದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಬ್ಯಾಂಕು ಮೊದಲು ಅಳಿಯನ ಬಳಿಗೇ ಹೋಗಬೇಕೆಂಬ ನಿಯಮವಿಲ್ಲ. ಹಿರಿಯರು ಕೆಲಸದಲ್ಲಿದ್ದಿದ್ದರೆ ಸಂಬಳದ ಒಂದು ಭಾಗಕ್ಕೆ ಕೈ ಹಾಕಬಹುದಿತ್ತು. ನಿವೃತ್ತರಾದರು. ಸರ್ಕಾರಿ ನಿವೃತ್ತಿ ವೇತನವನ್ನು ಜಪ್ತಿ ಮಾಡುವಂತಿಲ್ಲ. ಉಳಿದದ್ದು ಮನೆ.

ಇಲ್ಲಿ ಮೊದಲು ತಿಳಿಯಬೇಕಾದ ಮಾತೊಂದಿದೆ. ಒಬ್ಬನ ಮೇಲೆ ಹಣದ ಡಿಕ್ರಿಯಾದ ಮಾತ್ರಕ್ಕೆ ಅವನ ಮನೆಗೆ ಏನೂ ಅಂಟುವುದಿಲ್ಲ. ಕೆಲವು ಹೊರದೇಶಗಳಲ್ಲಿ ತೀರ್ಪನ್ನು ದಾಖಲು ಮಾಡಿದೊಡನೆ ಅದು ಮನೆಯ ಮೇಲೆ ಋಣವಾಗಿ ನಿಲ್ಲುವುದುಂಟು. ನಮ್ಮ ದೇಶದ ವ್ಯವಸ್ಥೆ ಬೇರೆ. ಹಣದ ಡಿಕ್ರಿಯೆಂದರೆ “ಇಂಥವನು ಇಂಥವನಿಗೆ ಇಷ್ಟು ಕೊಡತಕ್ಕದ್ದು” ಎಂಬ ಆಜ್ಞೆ ಮಾತ್ರ. ಅದು ವ್ಯಕ್ತಿಯ ಮೇಲಿನದು, ಮನೆಯ ಮೇಲಿನದಲ್ಲ. ಡಿಕ್ರಿ ಪಡೆದವನು ಮತ್ತೆ ಕೋರ್ಟಿಗೆ ಹೋಗಿ ಅಮಲ್ಜಾರಿ ಅರ್ಜಿ ಹಾಕಿ, ಇಂಥ ಸರ್ವೆ ನಂಬರಿನ ಮನೆಯನ್ನು ಜಪ್ತಿ ಮಾಡಬೇಕೆಂದು ಕೇಳಿ, ಕೋರ್ಟು ಹಾಗೆ ಆಜ್ಞೆ ಮಾಡಿದಾಗಲೇ ಮನೆಗೆ ಕಟ್ಟು ಬೀಳುವುದು. ಅದಕ್ಕೆ ಮುಂಚೆ ಮನೆಯ ಯಜಮಾನ ಪ್ರಾಮಾಣಿಕವಾಗಿ, ತಕ್ಕ ಬೆಲೆಗೆ ಮಾರಿದರೆ ಆ ಮಾರಾಟ ನಿಲ್ಲುತ್ತದೆ. ಡಿಕ್ರಿಯಾಯಿತೆಂದು ಕೇಳಿದೊಡನೆ ಆ ಮನೆಯ ಕಡೆ ಮುಖ ಹಾಕದೆ ಓಡಿಹೋಗುವ ಕೊಳ್ಳುವವರನ್ನೂ ನೋಡಿದ್ದೇವೆ, ಇನ್ನು ಮನೆ ಹೋಯಿತೆಂದು ಊಟ ಬಿಟ್ಟು ಮಲಗಿದ ಯಜಮಾನರನ್ನೂ ನೋಡಿದ್ದೇವೆ. ಎರಡೂ ಅವಸರವೇ.

ಆದರೆ ಡಿಕ್ರಿಗೆ ಆಯುಸ್ಸು ದೀರ್ಘ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಹಣದ ಡಿಕ್ರಿಯನ್ನು 12 ವರ್ಷಗಳೊಳಗೆ ಎಂದು ಬೇಕಾದರೂ ಅಮಲಿಗೆ ತರಬಹುದು. ಐದು ವರ್ಷ ಯಾರೂ ಬರಲಿಲ್ಲ, ಮರೆತಿರಬೇಕು ಎಂದುಕೊಳ್ಳುವುದು ಸರಿಯಲ್ಲ. ಸಾಲಗಾರ ತೀರಿಕೊಂಡರೂ ಡಿಕ್ರಿ ತೀರುವುದಿಲ್ಲ. ಅವನಿಂದ ಮಕ್ಕಳಿಗೆ ಬಂದ ಆಸ್ತಿಯ ಮಟ್ಟಿಗೆ ಅವರ ಮೇಲೆ ಜಾರಿಯಾಗುತ್ತದೆ. ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ಕೊಡಬೇಕಾಗಿಲ್ಲ, ತಂದೆಯಿಂದ ಬಂದ ಮನೆಯನ್ನು ಮಾತ್ರ ಬಿಡಿಸಿಕೊಳ್ಳಬೇಕು.

ಈಗ ಜಪ್ತಿಯ ವಿಷಯ. ನಾವು ಮೂರನೆಯ ತರಗತಿಯಲ್ಲಿದ್ದಾಗ ನೆರೆಯ ಮನೆಯ ಮುಂದೆ ಕೋರ್ಟಿನ ಅಮೀನ ಡಂಗುರ ಹೊಡೆಸಿದ್ದು ನಮ್ಮ ಕಣ್ಣಿಗೆ ಕಟ್ಟಿದಂತಿದೆ. ಮಕ್ಕಳಾದ ನಾವು ಯಾವುದೋ ಉತ್ಸವವೆಂದು ಓಡಿದೆವು. ಆ ಮನೆಯ ಅಜ್ಜಿ ಒಳಗಿನಿಂದ ಬಾಗಿಲು ಹಾಕಿಕೊಂಡರು. ಆ ಡಂಗುರ ಅಮೀನನ ಅಹಂಕಾರವಲ್ಲ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಹೇಳಿದ ಕ್ರಮವೆಂದು ಬಹಳ ತಡವಾಗಿ ತಿಳಿಯಿತು. ಸ್ಥಿರಾಸ್ತಿಯನ್ನು ಜಪ್ತಿ ಮಾಡುವುದೆಂದರೆ ಮನೆಗೆ ಬೀಗ ಹಾಕಿ ಜನರನ್ನು ಹೊರಗೆ ತಳ್ಳುವುದಲ್ಲ. ಯಜಮಾನನು ಇದನ್ನು ಮಾರಬಾರದು, ಅಡವು ಇಡಬಾರದು, ಬೇರೆಯವರು ಅವನಿಂದ ಪಡೆಯಬಾರದು ಎಂಬ ನಿಷೇಧ. ಅದನ್ನು ಆಸ್ತಿಯ ಬಳಿ ಡಂಗುರದಿಂದಲೋ ರೂಢಿಯ ಬೇರೆ ರೀತಿಯಿಂದಲೋ ಸಾರಿ, ಆಜ್ಞೆಯ ಪ್ರತಿಯನ್ನು ಮನೆಯ ಎದ್ದುಕಾಣುವ ಜಾಗದಲ್ಲಿಯೂ ಕೋರ್ಟಿನಲ್ಲಿಯೂ ಅಂಟಿಸಬೇಕು. ಕಂದಾಯ ತೆರುವ ಜಾಗವಾದರೆ ಕಲೆಕ್ಟರ ಕಚೇರಿಯಲ್ಲಿ, ಹಳ್ಳಿಯ ಜಾಗವಾದರೆ ಪಂಚಾಯತಿನ ಕಚೇರಿಯಲ್ಲಿ ಕೂಡ.

ನಮ್ಮ ಹಿರಿಯರ ಮನೆಯಲ್ಲಿ ಇದೇ ನಡೆದಿತ್ತು. ಅವರು ಮಂಗಳೂರಿನಲ್ಲಿದ್ದರು. ಜೂನ್ ತಿಂಗಳ ಮಳೆಯಲ್ಲಿ ಯಾರೋ ಬಂದು ಬಾಗಿಲಿಗೆ ಕಾಗದ ಅಂಟಿಸಿ ಹೋದರೆಂದು ಪಕ್ಕದ ಮನೆಯ ಹುಡುಗಿ ಹೇಳಿದಳು. ಮರುವಾರಕ್ಕೆ ಅದು ನೀರಿನಲ್ಲಿ ಕರಗಿಹೋಗಿತ್ತು. ಮಾರಾಟದ ಕರಾರು ಆದದ್ದು ಜುಲೈಯಲ್ಲಿ. ಅಂದರೆ ಜಪ್ತಿ ಮೊದಲು, ಕರಾರು ಆಮೇಲೆ. ಸಹಿ ಹಾಕಿದ ಇಬ್ಬರಿಗೂ ಅದು ಗೊತ್ತಿರಲಿಲ್ಲ. ಸಂಹಿತೆಯ 64ನೆಯ ಕಲಮಿನಂತೆ ಜಪ್ತಿಯಾದ ಬಳಿಕ ಮಾಡಿದ ಖಾಸಗಿ ಮಾರಾಟವು, ಆ ಜಪ್ತಿಯ ಮೂಲಕ ವಸೂಲು ಮಾಡಬಹುದಾದ ಹಕ್ಕುಗಳ ಎದುರಿಗೆ ಅಸಿಂಧು. ಶಿಷ್ಯನು ಪೂರ್ಣ ಬೆಲೆ ಕೊಟ್ಟು ನೋಂದಣಿ ಮಾಡಿಸಿಕೊಂಡಿದ್ದರೂ ಬ್ಯಾಂಕು ಅವನ ಕಣ್ಣೆದುರಿಗೇ ಮನೆಯನ್ನು ಹರಾಜು ಮಾಡಿಸಬಹುದಿತ್ತು. ಮಾರಾಟ ಪೂರ್ತಿ ಅಳಿಸಿಹೋಗುತ್ತದೆಂದಲ್ಲ. ಡಿಕ್ರಿಯ ಹಣ ಸಂದಾಯವಾದರೆ ಅದು ಊರ್ಜಿತವಾಗಿಯೇ ಉಳಿಯುತ್ತದೆ. ಆದರೆ ಆ ಹಣ ಯಾರು ಕೊಡುವುದು?

ಕರಾರು ಜಪ್ತಿಗಿಂತ ಮೊದಲೇ ಆಗಿದ್ದರೆ ಮಾತು ಬೇರೆಯಾಗುತ್ತಿತ್ತು. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ, ಜಪ್ತಿಗೆ ಮೊದಲು ನಿಜವಾದ ಮಾರಾಟದ ಕರಾರು ಇದ್ದು ಅದರಂತೆ ಜಪ್ತಿಯ ಬಳಿಕ ಕ್ರಯಪತ್ರವಾದರೆ ಕೊಂಡವನ ಹಕ್ಕೇ ಮೇಲು ಎಂದು ಹೇಳಿತು. ಅದೇ ಸುಮಾರಿಗೆ ತಮಿಳುನಾಡಿನ ಇನ್ನೊಂದು ಮೊಕದ್ದಮೆಯಲ್ಲಿ, ಜಪ್ತಿಗೆ ಮೊದಲು ಬರೆದು ಸಹಿ ಹಾಕಿದ ಕ್ರಯಪತ್ರವು ಆಮೇಲೆ ನೋಂದಣಿಯಾದರೂ ಊರ್ಜಿತವೆಂದಿತು. ನೋಂದಣಿಯಾದ ಪತ್ರವು ಬರೆದ ದಿನದಿಂದಲೇ ಜೀವ ಪಡೆಯುತ್ತದೆಂಬುದು ಕಾರಣ. ಆ ಬಳಿಕ 2002ರ ಜುಲೈಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 64ನೆಯ ಕಲಮಿಗೆ ಒಂದು ಉಪಕಲಮು ಸೇರಿ, ಜಪ್ತಿಗೆ ಮುಂಚೆ ಮಾಡಿಕೊಂಡು ನೋಂದಣಿಯನ್ನೂ ಮಾಡಿಸಿದ ಕರಾರಿನಂತೆ ನಡೆದ ಮಾರಾಟಕ್ಕೆ ಈ ನಿಷೇಧ ತಗಲದೆಂದು ಸ್ಪಷ್ಟವಾಯಿತು. ಆದುದರಿಂದ ಮುಂಗಡ ಕೊಡುವಾಗಲೇ ಕರಾರನ್ನು ನೋಂದಣಿ ಮಾಡಿಸುವುದು ಕೊಳ್ಳುವವನಿಗೆ ದೊಡ್ಡ ರಕ್ಷಣೆ. ಖರ್ಚೆಂದು ನಮ್ಮವರು ಹಿಂಜರಿಯುತ್ತಾರೆ. ಮದುವೆಯ ಪೆಂಡಾಲಿಗೆ ಹಿಂಜರಿಯುವುದಿಲ್ಲ.

ತೀರ್ಪಿಗೆ ಮುಂಚೆಯೇ ಜಪ್ತಿ ಬರುವುದೂ ಉಂಟು. ದಾವೆ ನಡೆಯುತ್ತಿರುವಾಗ ಪ್ರತಿವಾದಿಯು ಮುಂದಿನ ಡಿಕ್ರಿಯನ್ನು ತಪ್ಪಿಸುವ ಉದ್ದೇಶದಿಂದ ಆಸ್ತಿಯನ್ನು ಮಾರಿ ಜಾರಿಕೊಳ್ಳುತ್ತಿದ್ದಾನೆಂದು ವಾದಿಯು ಕೋರ್ಟಿಗೆ ತೋರಿಸಿಕೊಟ್ಟರೆ, ಕೋರ್ಟು ಭದ್ರತೆ ಕೇಳಬಹುದು, ಕೊಡದಿದ್ದರೆ ಜಪ್ತಿ ಮಾಡಬಹುದು. ಆಮೇಲೆ ಡಿಕ್ರಿಯಾದರೆ ಇನ್ನೊಮ್ಮೆ ಜಪ್ತಿ ಮಾಡಬೇಕಾಗಿಲ್ಲ, ಹಳೆಯದೇ ಮುಂದುವರಿಯುತ್ತದೆ. ಹಾಗಾಗಿ “ಇನ್ನೂ ತೀರ್ಪೇ ಆಗಿಲ್ಲ” ಎಂಬ ಮಾತನ್ನು ಕೇಳಿ ಸಮಾಧಾನಪಡಬಾರದು.

ಇದುವರೆಗೆ ಹೇಳಿದ್ದು ಹಣದ ವ್ಯಾಜ್ಯ. ಮನೆಯ ಹಕ್ಕಿನ ಬಗ್ಗೆಯೇ ವ್ಯಾಜ್ಯವಿದ್ದರೆ, ಉದಾಹರಣೆಗೆ ಅಣ್ಣತಮ್ಮಂದಿರ ಪಾಲಿನ ದಾವೆ, ಇಲ್ಲವೆ ಮೊದಲೊಬ್ಬನಿಗೆ ಮಾರಲು ಒಪ್ಪಿ ಮಾತು ತಪ್ಪಿದ ದಾವೆ, ಜಪ್ತಿಯೇ ಬೇಕಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 52ನೆಯ ಕಲಮಿನಂತೆ ದಾವೆ ದಾಖಲಾದ ದಿನದಿಂದ ಡಿಕ್ರಿ ಪೂರ್ತಿ ಜಾರಿಯಾಗುವ ತನಕ ಆ ಮನೆಯನ್ನು ಕೊಂಡವನು ದಾವೆಯ ಫಲಕ್ಕೆ ಬದ್ಧನು. ತನಗೆ ದಾವೆಯ ಸುದ್ದಿಯೇ ತಿಳಿದಿರಲಿಲ್ಲ ಎಂದರೂ ನಡೆಯುವುದಿಲ್ಲ. ಹೆಂಡತಿಯ ಜೀವನಾಂಶದ ಡಿಕ್ರಿಯಲ್ಲಿ ಕೋರ್ಟು ಹಣವನ್ನು ಮನೆಯ ಮೇಲೆ ಹೊಣೆಯಾಗಿ ಇರಿಸಿದ್ದರೆ ಅದೂ ಮನೆಯ ಜತೆಗೆ ಸಾಗುತ್ತದೆ. ಇಂಥ ಡಿಕ್ರಿಗಳನ್ನು ಓದುವಾಗ ಕಡೆಯ ಪುಟವನ್ನು ಎರಡು ಸಲ ಓದಬೇಕು. ಮನೆಯ ಸರ್ವೆ ನಂಬರು ಸಾಮಾನ್ಯವಾಗಿ ಅಲ್ಲಿ ಇರುತ್ತದೆ.

ಗಡಿಯವರಾದ ನಮಗೆ ವಿಶೇಷವಾದ ಒಂದು ಭ್ರಮೆ ಇದೆ. ಮಂಗಳೂರಿನ ಕೋರ್ಟಿನ ತೀರ್ಪು ತಲಪಾಡಿಯ ಗೇಟು ದಾಟಿ ಈಚೆಗೆ ಬಾರದೆಂದು ಹಲವರು ನಂಬಿದ್ದಾರೆ. ಬರುತ್ತದೆ. ಮಂಗಳೂರಿನ ಕೋರ್ಟು ತಾನೇ ಬಂದು ಕಾಸರಗೋಡಿನ ಮನೆಯನ್ನು ಜಪ್ತಿ ಮಾಡಲಾರದು ನಿಜ. ಆದರೆ ಸಂಹಿತೆಯ 39ನೆಯ ಕಲಮಿನಂತೆ ಡಿಕ್ರಿಯನ್ನು ಇಲ್ಲಿಯ ಕೋರ್ಟಿಗೆ ವರ್ಗಾಯಿಸುತ್ತದೆ, ಇಲ್ಲಿಯ ಕೋರ್ಟು ಅದನ್ನು ತನ್ನದೇ ಡಿಕ್ರಿಯಂತೆ ಜಾರಿ ಮಾಡುತ್ತದೆ. ಸೊಲ್ಲಾಪುರದವರಿಗೆ ವಿಜಯಪುರದ ಡಿಕ್ರಿ, ಆದೋನಿಯವರಿಗೆ ಬಳ್ಳಾರಿಯ ಡಿಕ್ರಿ, ಹೊಸೂರಿನವರಿಗೆ ಬೆಂಗಳೂರಿನ ಡಿಕ್ರಿ ಹೀಗೆಯೇ ಬರಬಲ್ಲದು. ಕಾಯಿದೆಯ ದೃಷ್ಟಿಯಲ್ಲಿ ಭಾಷೆಯ ಗಡಿ ಇಲ್ಲ. ಸಮುದ್ರದ ಆಚೆಯ ಮಾತೂ ಈಗ ಬದಲಾಗಿದೆ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಂಯುಕ್ತ ಅರಬ್ ಸಂಸ್ಥಾನಗಳನ್ನು ಪರಸ್ಪರ ಒಪ್ಪಂದದ ಪ್ರದೇಶವೆಂದು ಪ್ರಕಟಿಸಿದ ಬಳಿಕ, ಅಲ್ಲಿಯ ಅಧಿಸೂಚಿತ ನ್ಯಾಯಾಲಯಗಳ ಹಣದ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ಸಲ್ಲಿಸಿ ಜಾರಿ ಮಾಡಿಸಿಕೊಳ್ಳಲು ದಾರಿಯಾಗಿದೆ. ಅದನ್ನು ಆಕ್ಷೇಪಿಸಲು ಕೆಲವು ಕಾರಣಗಳುಂಟು. ಆದರೆ ದುಬೈಯಲ್ಲಿ ಸಾಲ ಬಿಟ್ಟು ವಿಮಾನ ಹತ್ತಿದರೆ ಊರಿನ ಮನೆ ಭದ್ರ ಎಂಬ ಕಾಲ ಹೋಯಿತು. ಈ ಮಾತನ್ನು ಕೇಳಿ ನಮ್ಮ ಶಿಷ್ಯ ಸ್ವಲ್ಪ ಹೊತ್ತು ಸುಮ್ಮನಾದನು. ಏಕೆಂದು ನಾವು ಕೇಳಲಿಲ್ಲ.

ಆ ಸಂಜೆ ಹಿರಿಯರು ಮೆಲ್ಲಗೆ ಇನ್ನೊಂದು ಮಾತು ತೆಗೆದರು. ಡಿಕ್ರಿಯಾದಾಗ ಅವರ ಪರಿಚಯದವರೊಬ್ಬರು, “ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಬಿಡಿ, ಎಲ್ಲ ಮುಗಿಯಿತು” ಎಂದಿದ್ದರಂತೆ. ಹಾಗೆ ಮಾಡದಿದ್ದುದು ಒಳ್ಳೆಯದಾಯಿತು. ಸಾಲ ಕೊಟ್ಟವರನ್ನು ವಂಚಿಸುವ ಇಲ್ಲವೆ ತಡೆಯುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು ಸಾಲಿಗರು ಕೋರ್ಟಿನಲ್ಲಿ ರದ್ದು ಮಾಡಿಸಬಹುದೆಂದು ಸ್ವತ್ತು ವರ್ಗಾವಣೆ ಕಾಯಿದೆಯ 53ನೆಯ ಕಲಮು ಹೇಳುತ್ತದೆ. ಸದುದ್ದೇಶದಿಂದ ಬೆಲೆ ಕೊಟ್ಟು ಕೊಂಡವನಿಗೆ ಅಲ್ಲಿ ರಕ್ಷಣೆ ಇದೆ, ಬೆಲೆ ಕೊಡದೆ ಪಡೆದವರಿಗೆ ಇಲ್ಲ. ಮನೆಯೂ ಹೋಗಿ ಹೆಂಡತಿಯೂ ಕಟಕಟೆ ಹತ್ತಬೇಕಾಗುತ್ತಿತ್ತು, ಆ ಕಾಯಿಲೆಯಲ್ಲಿ.

ತೋಟದ ನಡುವೆ ವಾಸಿಸುವ ಓದುಗರಿಗೆ ಒಂದು ಸಮಾಧಾನದ ಮಾತನ್ನೂ ಹೇಳಬೇಕು. ತಾನೇ ಬೇಸಾಯ ಮಾಡಿಸಿ ಮುಖ್ಯವಾಗಿ ಅದರಿಂದಲೇ ಜೀವಿಸುವ ಕೃಷಿಕನು ತಾನು ವಾಸಿಸುವ ಮನೆಯನ್ನೂ ಅದಕ್ಕೆ ತಗಲಿಕೊಂಡ ಅಗತ್ಯದ ಜಾಗವನ್ನೂ ಹಣದ ಡಿಕ್ರಿಯ ಜಪ್ತಿಯಿಂದ ಉಳಿಸಿಕೊಳ್ಳಬಹುದು. ಸಂಹಿತೆಯ 60ನೆಯ ಕಲಮಿನಲ್ಲಿ ಈ ರಿಯಾಯಿತಿ ಇದೆ. ಕೂಲಿಕಾರರಿಗೂ ಇದೆ. ಆದರೆ ಅದು ತಾನಾಗಿ ಬರುವುದಿಲ್ಲ, ಕೋರ್ಟಿಗೆ ಹೋಗಿ ಕೇಳಬೇಕು, ರುಜುವಾತು ಮಾಡಬೇಕು. ಮನೆಯನ್ನೇ ಅಡವಿಟ್ಟು ಮಾಡಿದ ಸಾಲಕ್ಕೆ ಇದು ಅನ್ವಯಿಸದು. ಮಾಷ್ಟ್ರಿಗೂ ಅನ್ವಯಿಸದು, ಶಾಲೆ ಬಿಟ್ಟ ಮೇಲೆ ನಾಲ್ಕು ಅಡಿಕೆ ಸಸಿಗೆ ನೀರು ಹಾಕಿದರೆ ಕೃಷಿಕನಾಗುವುದಿಲ್ಲ.

ಹಾಗಾದರೆ ಕೊಳ್ಳುವವನು ಇದನ್ನೆಲ್ಲ ತಿಳಿಯುವುದು ಹೇಗೆ? ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವನ್ನು, ನಮ್ಮಲ್ಲಿ ಮಲಯಾಳದ ಬಳಕೆಯಿಂದ ಕುಡಿಕ್ಕಡ ಸರ್ಟಿಫಿಕೇಟೆನ್ನುವುದನ್ನು, ಎಲ್ಲರೂ ತೆಗೆಸುತ್ತಾರೆ. ಅದರಲ್ಲಿ ಶೂನ್ಯವೆಂದು ಬಂದರೆ ಎಲ್ಲವೂ ಶುದ್ಧವೆಂದುಕೊಳ್ಳುತ್ತಾರೆ. ಆ ಕಚೇರಿಯ ಪುಸ್ತಕದಲ್ಲಿ ಏರಿದ್ದು ಮಾತ್ರ ಆ ಪತ್ರದಲ್ಲಿ ಕಾಣುವುದು. ಬರಿಯ ಹಣದ ಡಿಕ್ರಿ ಅದರಲ್ಲಿ ಬರುವುದಿಲ್ಲ. ಜಪ್ತಿಯ ಆಜ್ಞೆ ಅಲ್ಲಿಗೆ ತಲುಪಿ ದಾಖಲಾಗಿದ್ದರೆ ಕಂಡೀತು, ಇಲ್ಲವಾದರೆ ಇಲ್ಲ. ನಮ್ಮ ಹಿರಿಯರ ಮನೆಯ ಸರ್ಟಿಫಿಕೇಟಿನಲ್ಲಿ ಏನೂ ಕಾಣಲಿಲ್ಲ. ಸಿಕ್ಕಿದ್ದು ಇ-ಕೋರ್ಟ್ಸ್ ಜಾಲತಾಣದಲ್ಲಿ, ಪಕ್ಷಗಾರರ ಹೆಸರು ಹಾಕಿ ಹುಡುಕಿದಾಗ. ಇಂದು ಆ ಅನುಕೂಲ ಎಲ್ಲರಿಗೂ ಇದೆ. ಆದರೆ ನಮ್ಮ ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಕನ್ನಡದ ‘ಭಟ್ಟ’ ಇಂಗ್ಲಿಷಿನಲ್ಲಿ ಮೂರು ಬಗೆಯಾಗುತ್ತಾನೆ. ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಎಲ್ಲ ಬಗೆಯಲ್ಲಿಯೂ ಹುಡುಕಬೇಕು, ಊರಿನ ಕೋರ್ಟುಗಳಲ್ಲಿ ಮಾತ್ರವಲ್ಲದೆ ಯಜಮಾನನು ವ್ಯಾಪಾರ ಮಾಡಿದ ಊರಿನಲ್ಲಿಯೂ. ಸಹಕಾರಿ ಸಂಘದ ಬಾಕಿ, ಸರ್ಕಾರಿ ಬಾಕಿಗಳ ವಿಷಯವನ್ನು ವಿಲ್ಲೇಜ್ ಆಫೀಸಿನಲ್ಲಿ ವಿಚಾರಿಸಬೇಕು. ಕೇರಳದ 1968ರ ಕಂದಾಯ ವಸೂಲಾತಿ ಕಾಯಿದೆಯಂತೆ ತಗಾದೆಯ ನೋಟೀಸು ಮುಟ್ಟಿದ ಬಳಿಕ ಬಾಕಿದಾರನು ಮಾಡಿದ ವ್ಯವಹಾರ ಸರ್ಕಾರವನ್ನು ಕಟ್ಟುವುದಿಲ್ಲ.

ಮಾರುವವನಿಗೂ ಒಂದು ಕರ್ತವ್ಯವಿದೆ. ತನಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ತಿಳಿಯಲಾಗದ ಹಕ್ಕಿನ ದೋಷವನ್ನು ಅವನು ಹೇಳಲೇಬೇಕು. ಹೇಳದಿದ್ದರೆ ವಂಚನೆಯೆಂದೇ ಕಾಯಿದೆ ಕರೆಯುತ್ತದೆ. “ನಾನು ಮುಚ್ಚಿಟ್ಟದ್ದಲ್ಲ, ಅಳಿಯ ತೀರಿಸಿರಬಹುದೆಂದುಕೊಂಡಿದ್ದೆ” ಎಂದು ಹಿರಿಯರು ಹೇಳಿದಾಗ ಅವರ ಧ್ವನಿ ನಡುಗಿತು. ನಾವು ನಂಬಿದೆವು. ಶಿಷ್ಯನೂ ನಂಬಿದನು, ಅದು ಅವನ ದೊಡ್ಡತನ. ಮುಂಗಡವನ್ನು ಹಿಂದೆ ಕೇಳುವ ಹಕ್ಕು ಅವನಿಗಿತ್ತು. ಕೇಳಿದ್ದರೆ ಕೊಡಲು ಹಿರಿಯರ ಕೈಯಲ್ಲಿ ಇರಲಿಲ್ಲ, ಅದು ಆಗಲೇ ಆಸ್ಪತ್ರೆಗೆ ಸಂದಾಯವಾಗಿತ್ತು.

ಮರುದಿನ ಮೂವರೂ ವಕೀಲರಲ್ಲಿಗೆ ಹೋದೆವು. ಏಕಪಕ್ಷೀಯ ತೀರ್ಪನ್ನು ತೆಗೆಸಬಹುದೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಡಿಕ್ರಿಯಾದ ದಿನದಿಂದ 30 ದಿನಗಳ ಅವಧಿ. ಸಮನ್ಸು ಸರಿಯಾಗಿ ಮುಟ್ಟಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ. ಇವರು ಸಹಿ ಹಾಕಿ ತೆಗೆದುಕೊಂಡಿದ್ದರು. “ಮಲಯಾಳ ಓದಲು ಬಾರದು” ಎಂಬ ಮಾತು ಐದು ವರ್ಷದ ಬಳಿಕ ಯಾರ ಕಿವಿಗೂ ಹಿಡಿಸದೆಂದು ವಕೀಲರು ಹೇಳಿದರು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆ ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಆದರೆ ಮುಟ್ಟಿದ ಸಮನ್ಸನ್ನು ಪಂಚಾಂಗದಲ್ಲಿ ಇಡುವ ಹಕ್ಕನ್ನು ಯಾವ ಕಾಯಿದೆಯೂ ಕೊಟ್ಟಿಲ್ಲ.

ಉಳಿದ ದಾರಿ ಒಂದೇ, ತೀರಿಸುವುದು. ಬಡ್ಡಿ, ಖರ್ಚು ಸೇರಿ ಮೊತ್ತ 6,80,000 ರೂಪಾಯಿ ಆಗಿತ್ತು. ಮನೆಯ ಬೆಲೆ ಅದಕ್ಕಿಂತ ಬಹಳ ಹೆಚ್ಚು. ಹೊಸ ಕರಾರು ಬರೆಯಲಾಯಿತು: ಶಿಷ್ಯನು ಬೆಲೆಯ ಈ ಭಾಗವನ್ನು ಹಿರಿಯರ ಕೈಗೆ ಕೊಡದೆ, ಅವರ ಪರವಾಗಿ ನೇರವಾಗಿ ಕೋರ್ಟಿಗೆ ಕಟ್ಟುವುದು, ಬಿಡುಗಡೆಯಾದ ಮೇಲೆಯೇ ಕ್ರಯಪತ್ರ, ಉಳಿದ ಹಣ ನೋಂದಣಿಯ ದಿನ. ಮನೆಯ ಮೇಲಿನ ಋಣದಷ್ಟು ಹಣವನ್ನು ಕೊಳ್ಳುವವನು ಬೆಲೆಯಲ್ಲಿ ಹಿಡಿದಿಟ್ಟು ಸಲ್ಲತಕ್ಕವರಿಗೆ ಸಲ್ಲಿಸುವುದನ್ನು ಕಾಯಿದೆಯೂ ಒಪ್ಪುತ್ತದೆ.

ಹಣವನ್ನು ಬ್ಯಾಂಕಿನ ಅಧಿಕಾರಿಯ ಕೈಗೇ ಕೊಟ್ಟರೆ ಬೇಗ ಮುಗಿಯುತ್ತದಲ್ಲವೇ ಎಂದು ಶಿಷ್ಯ ಕೇಳಿದನು. ವಕೀಲರು ಬೇಡವೆಂದರು, ನಮಗೂ ಹಳೆಯ ಒಂದು ಸಂಗತಿ ನೆನಪಾಯಿತು. ನಮ್ಮ ದೂರದ ಬಂಧುವೊಬ್ಬರು ಡಿಕ್ರಿಯ ಹಣವನ್ನು ಸಾಲಿಗನ ಮನೆಗೇ ಹೋಗಿ, ದೇವರ ಮುಂದೆ ಎಣಿಸಿ ಕೊಟ್ಟು ಬಂದಿದ್ದರು. ಸಾಲಿಗ ತೀರಿಕೊಂಡ ಬಳಿಕ ಅವನ ಮಕ್ಕಳು ಅದೇ ಡಿಕ್ರಿಗೆ ಅಮಲ್ಜಾರಿ ಹಾಕಿದರು. ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಡಿಕ್ರಿ ಪಡೆದವನು ಕೋರ್ಟಿಗೆ ತಿಳಿಸಿ ದಾಖಲು ಮಾಡಿಸಬೇಕು. ಅವನು ಮಾಡದಿದ್ದರೆ ಕೊಟ್ಟವನೇ 30 ದಿನಗಳೊಳಗೆ ಅರ್ಜಿ ಹಾಕಬೇಕು. ದಾಖಲಾಗದ ಪಾವತಿಯನ್ನು ಜಾರಿ ಮಾಡುವ ಕೋರ್ಟು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಬಂಧು ಎರಡನೆಯ ಸಲ ಕೊಟ್ಟರು.

ಹರಾಜಿನ ಆಜ್ಞೆಯೇ ಆಗಿಬಿಟ್ಟಿದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲವೆಂದು ವಕೀಲರು ವಿವರಿಸಿದರು. ತಾನೇ ಖಾಸಗಿಯಾಗಿ ಮಾರಿಯೋ ಅಡವಿಟ್ಟೋ ಹಣ ಒದಗಿಸಬಲ್ಲೆನೆಂದು ಸಾಲಗಾರನು ನಂಬಿಕೆ ಹುಟ್ಟಿಸಿದರೆ ಕೋರ್ಟು ಹರಾಜನ್ನು ಮುಂದೂಡಿ, ಇಷ್ಟು ಕಾಲದೊಳಗೆ ಮಾರಬಹುದೆಂದು ಸರ್ಟಿಫಿಕೇಟು ಕೊಡಬಹುದು. ಆ ಮಾರಾಟದ ಹಣ ಕೋರ್ಟಿಗೇ ಬರಬೇಕು, ಕೋರ್ಟು ಮಂಜೂರು ಮಾಡಿದ ಮೇಲೆಯೇ ಅದು ಸ್ಥಿರ. ಅಡವಿನ ಡಿಕ್ರಿಗೆ ಮಾತ್ರ ಈ ಸವಲತ್ತಿಲ್ಲ. ಹರಾಜು ನಡೆದೇ ಹೋಗಿದ್ದರೆ 60 ದಿನಗಳೊಳಗೆ ಹರಾಜು ಪ್ರಕಟಣೆಯಲ್ಲಿ ಹೇಳಿದ ಮೊತ್ತವನ್ನೂ, ಹರಾಜಿನಲ್ಲಿ ಕೊಂಡವನಿಗೆ ಅವನ ಬೆಲೆಯ ಶೇಕಡಾ 5ನ್ನೂ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಬಹುದು. ಹರಾಜಿನಲ್ಲಿ ಮನೆಗೆ ಬರುವ ಬೆಲೆಗೂ ಜಗಲಿಯಲ್ಲಿ ಕುಳಿತು ಮಾತಾಡಿ ಬರುವ ಬೆಲೆಗೂ ಇರುವ ಅಂತರವನ್ನು ಕಂಡವರಿಗೆ ಈ 60 ದಿನಗಳ ಬೆಲೆ ತಿಳಿದೀತು.

ನಮ್ಮ ಪ್ರಕರಣದಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಹಣ ಕೋರ್ಟಿಗೆ ಸೇರಿತು, ಡಿಕ್ರಿ ಪೂರ್ಣ ಸಂದಾಯವಾಯಿತೆಂದು ದಾಖಲಾಯಿತು, ಜಪ್ತಿ ತೊಲಗಿತು. ಆ ಆಜ್ಞೆಯ ದೃಢೀಕೃತ ಪ್ರತಿಗಳನ್ನು ತೆಗೆಸಿ ಒಂದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ, ಒಂದನ್ನು ವಿಲ್ಲೇಜ್ ಆಫೀಸಿಗೆ ಕೊಟ್ಟೆವು. ಮೂಲಪ್ರತಿಯೊಂದು ಶಿಷ್ಯನ ಕಡತದಲ್ಲಿದೆ. ನವರಾತ್ರಿಯ ಮುಂಚಿನ ವಾರ ಕ್ರಯಪತ್ರ ನೋಂದಣಿಯಾಯಿತು. ಸಾಕ್ಷಿಯಾಗಿ ನಾವು ಸಹಿ ಹಾಕಿದೆವು.

ಅಳಿಯನ ವಿಷಯ ಉಳಿದಿದೆ. ಜಾಮೀನುದಾರನು ಸಾಲ ತೀರಿಸಿದರೆ ಸಾಲ ಕೊಟ್ಟವನ ಹಕ್ಕುಗಳೆಲ್ಲ ಅವನಿಗೆ ಬರುತ್ತವೆ. ಕೊಟ್ಟ ಹಣಕ್ಕಾಗಿ ಮೂರು ವರ್ಷದೊಳಗೆ ಸಾಲಗಾರನ ಮೇಲೆ ದಾವೆ ಹೂಡಬಹುದು. ವಕೀಲರು ಹೂಡಿರೆಂದರು. ಹಿರಿಯರು “ತಂಗಿ ಇದ್ದಾಳಲ್ಲ” ಎಂದಷ್ಟೇ ಹೇಳಿದರು. ಅವರ ಪತ್ನಿಗೆ ಬೇರೆ ಅಭಿಪ್ರಾಯವಿದೆಯೆಂದು ಕೇಳಿದ್ದೇವೆ. ಮೂರು ವರ್ಷದಲ್ಲಿ ಈಗ ಎರಡು ತಿಂಗಳಾಯಿತು.

ಶಾಲೆಯಲ್ಲಿ ವೇತನ ಸರ್ಟಿಫಿಕೇಟಿನ ಪುಸ್ತಕವನ್ನು ಈಗ ನಾವು ಗುಮಾಸ್ತರ ಮೇಜಿನಿಂದ ತೆಗೆದು ನಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇವೆ. ಬೇಕಾದವರು ಬಂದು ಎದುರಿಗೆ ಕುಳಿತು ಕೇಳಬೇಕು. ಹೊಸದಾಗಿ ಸೇರಿದ ತರುಣರಿಗೆ ಇದು ಸ್ವಲ್ಪ ಅಸಮಾಧಾನವನ್ನು ಉಂಟುಮಾಡಿದೆ.

ಪಾಲುಪಟ್ಟಿಯಲ್ಲಿ ಹೆಣ್ಣುಮಕ್ಕಳ ಸಹಿ ಇಲ್ಲದ ಮನೆಗಳ ವಿಷಯವಾಗಿ ಬದಿಯಡ್ಕದ ಕಡೆಯಿಂದಲೂ ಅಕ್ಕಲಕೋಟೆಯಿಂದಲೂ ಓದುಗರು ಪತ್ರ ಬರೆದಿದ್ದಾರೆ. ಅದನ್ನು ಮುಂದಿನ ತಿಂಗಳು ನೋಡೋಣ.